ಎಂಟು ಕಾರು, ಒಂದೇ ನೆಗ್ಗು

ನನ್ನದು ತಗಡಿನ ಕೆಲಸ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ಎತ್ತಿ, ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದು ಕಳಿಸುವುದು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಕಾರು ಗುದ್ದಿಸಿದವನೊಬ್ಬ ತಾನೇ ಗುದ್ದಿಸಿದೆ ಎಂದು ಹೇಳಿದ್ದನ್ನು ಮಾತ್ರ ಈವರೆಗೆ ಕೇಳಿಲ್ಲ. ಕಂಬ ಅಡ್ಡ ಬಂತು, ಗೋಡೆ ಕಾಣಿಸಲಿಲ್ಲ, ಸುಮ್ಮನೆ ನಿಲ್ಲಿಸಿದ್ದಾಗ ಯಾರೋ ತಾಗಿಸಿ ಹೋದರು. ಹೂಂ ಹೂಂ ಎಂದು ತಲೆಯಾಡಿಸಿ ಸುತ್ತಿಗೆ ಕೈಗೆತ್ತಿಕೊಳ್ಳುತ್ತೇನೆ. ಬೈಯುವ ಯೋಗ್ಯತೆ ನನಗಿಲ್ಲ.

ಯಾಕೆಂದರೆ ಇಪ್ಪತ್ತನೇ ವಯಸ್ಸಿನಲ್ಲಿ ಅಣ್ಣನ ಕಾರನ್ನು ಕದ್ದು ಓಡಿಸಿ, ನಮ್ಮ ಮನೆಯ ಗೇಟಿನ ಕಂಬಕ್ಕೆ ತಂದು ಗುದ್ದಿದವನು ನಾನು.

ಅಣ್ಣನದು ಗಡಿಯಾರ ರಿಪೇರಿ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವನು. ಮದುವೆಗೂ ಮೊದಲೇ ಅವನು ಕೊಂಡ ಕಾರು ಅದು. ಜಪಾನಿನದು, ನೀಲಿ ಬಣ್ಣ, ಎರಡೇ ಬಾಗಿಲು, ಹಿಂದೆ ನಾಲ್ಕು ದುಂಡು ದೀಪ. ಕೂಪೆ ಎಂದು ಅದಕ್ಕೆ ಹೆಸರು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಲ್ಲಿ ಕೂರುವುದಿಲ್ಲ, ಬೀಳುವುದು. ಇಳಿಯುವಾಗ ಯಾರಾದರೂ ಕೈ ಕೊಟ್ಟರೆ ಒಳ್ಳೆಯದು. ಅಣ್ಣ ಎರಡು ದಿನ ಪಕ್ಕದಲ್ಲಿ ಕೂತು ನನಗೆ ಓಡಿಸುವುದನ್ನು ಕಲಿಸಿದ್ದ. "ಕ್ಲಚ್ ನಿಧಾನಕ್ಕೆ ಬಿಡು, ಎಡಗಡೆ ನೋಡ್ಕೋ" ಎಂದು ನೂರು ಸಲ ಹೇಳಿದ್ದ. ಮೂರನೇ ದಿನ ಅವನು ಅಂಗಡಿಯಲ್ಲಿದ್ದಾಗ ನಾನು ಕ್ಲಚ್ಚನ್ನು ಥಟ್ಟನೆ ಬಿಟ್ಟೆ, ಎಡಗಡೆ ನೋಡಲಿಲ್ಲ. ಮುಂದಿನ ಎಡ ಚಕ್ರದ ಮೇಲಿನ ತಗಡಿನಲ್ಲಿ, ನಾವು ಫೆಂಡರ್ ಎನ್ನುವ ಕಡೆ, ಅಂಗೈಯಗಲದ ನೆಗ್ಗು ಬಿತ್ತು. ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಒಳಗೆ ಹೋಗಿ ಪುಸ್ತಕ ಹಿಡಿದು ಕೂತೆ. ಪುಸ್ತಕ ಹಿಡಿದದ್ದೇ ಅನುಮಾನಕ್ಕೆ ಸಾಕಾಗಿತ್ತು, ಆದರೆ ಅಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಕರೆದ. "ಯಾರೋ ತಾಗಿಸಿದ್ದಾರೆ ಕಣೋ," ಎಂದ, ನನ್ನ ಮುಖವನ್ನೇ ನೋಡುತ್ತಾ.

"ಯಾರಿರಬಹುದು?" ಎಂದೆ.

"ಯಾರೋ," ಎಂದ. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ನಾನು ತಗಡಿನ ಕೆಲಸ ಕಲಿತೆ, ಸ್ವಂತ ಅಂಗಡಿ ಹಾಕಿದೆ, ಊರವರ ನೆಗ್ಗೆಲ್ಲ ತೆಗೆದೆ. ಅಣ್ಣನಿಗೆ ಮಾತ್ರ, "ಆ ನೆಗ್ಗು ತೆಗೆದುಕೊಡ್ಲಾ?" ಎಂದು ಕೇಳಿದಾಗಲೆಲ್ಲ "ಇರಲಿ ಬಿಡು" ಎಂಬ ಒಂದೇ ಉತ್ತರ. ಮೂವತ್ತೆರಡು ವರ್ಷ ಆ ಕಾರು ಎದುರಿಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಹೇಳಿಬಿಡಬೇಕು ಎಂದು ಬಾಯಿ ತೆರೆದದ್ದು ಎಷ್ಟು ಸಲವೋ. ಪ್ರತಿ ಸಲವೂ ನಾಲಿಗೆ ಹೊರಳದೆ, ಹವಾಮಾನದ ಬಗ್ಗೆ ಏನೋ ಒದರಿ ಬಂದಿದ್ದೇನೆ.

ಇನ್ನು ಬಳಗದ ವಿಷಯ. ಅಣ್ಣ ಅಂಥದೇ ಕಾರಿದ್ದ ಇನ್ನೂ ಎಂಟು ಜನರನ್ನು ಹುಡುಕಿ ಹಿಡಿದು "ನಾಲ್ಕು ದೀಪಗಳ ಬಳಗ" ಎಂದು ಕಟ್ಟಿದ್ದ. ಹಲ್ಲಿನ ಡಾಕ್ಟರು, ವಕೀಲರು, ಇಂಥವರೇ ಎಲ್ಲ, ಐವತ್ತು ದಾಟಿದವರು, ಸೊಂಟ ಹಿಡಿದವರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೀಠೋಪಕರಣದ ಅಂಗಡಿಯ ಹಿಂದಿನ ಬಯಲಿನಲ್ಲಿ ಒಂಬತ್ತೂ ಕಾರು ಸಾಲಾಗಿ ನಿಲ್ಲುತ್ತಿದ್ದವು. ಬಾನೆಟ್ ತೆರೆದು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ, ಹೋದ ವಾರ ಹೇಳಿದ್ದನ್ನೇ ಈ ವಾರವೂ ಹೇಳುವುದು. ಅಣ್ಣ ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಎಡಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ, ಆ ನೆಗ್ಗು ಬಳಗದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಅಂಥ ಕಾರಿಲ್ಲ, ನಾನು ಅವರ ತಗಡಿನವನು. ಹೆಂಡತಿಯ ಹುಟ್ಟುಹಬ್ಬ ಮರೆಯುವ ಈ ಮಹಾನುಭಾವರಿಗೆ ಯಾವ ವರ್ಷದ ಕಾರಿನ ಬಾಗಿಲ ಹಿಡಿಗೆ ಎಷ್ಟು ಸ್ಕ್ರೂ ಎಂಬುದು ಬಾಯಿಪಾಠ.

ಹೀಗಿರುವಾಗ ಕಂಪನಿಯವರು ಅದೇ ಕಾರನ್ನು ಹೊಸದಾಗಿ ತಿದ್ದಿ ಬಿಟ್ಟರು. ಬಿಡುಗಡೆಯ ದಿನ ಒಂಬತ್ತು ಜನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೋರೂಮಿಗೆ ಬಂದರು, ಹೆಣ್ಣು ನೋಡಲು ಬಂದವರ ಹಾಗೆ. ನಾನೂ ಹೋಗಿದ್ದೆ. ಪರದೆ ಸರಿಯಿತು. ಮುಂಭಾಗದಲ್ಲಿ ಇಷ್ಟಗಲದ ಜಾಲರಿ.

"ಬಾಯಿ ಮುಚ್ಚೋಕಾಗದ ಪೇಶಂಟ್ ಥರ ಇದೆ," ಎಂದರು ಹಲ್ಲಿನ ಡಾಕ್ಟರು.

ಹಿಂದೆ ಹೋಗಿ ನೋಡಿದರೆ ನಾಲ್ಕು ದುಂಡು ದೀಪಗಳೇ ಇಲ್ಲ! ಆ ತುದಿಯಿಂದ ಈ ತುದಿಗೆ ಒಂದೇ ಉದ್ದನೆಯ ಕೆಂಪು ಪಟ್ಟಿ. ವಕೀಲರು ಗೋಡೆ ಹಿಡಿದುಕೊಂಡರು. ಅಣ್ಣ, "ಟ್ಯೂಬ್‌ಲೈಟು," ಎಂದ. ಮಾರಾಟದ ಹೆಂಗಸು ನಗುತ್ತಾ, "ಒಳಗೆ ಕೂತು ನೋಡಿ ಸಾರ್," ಎಂದಳು. ಅಣ್ಣ ಕೂತ. ಗುಂಡಿ ಒತ್ತಿದ. ಗುರ್ರೆಂದಿತು. ಅವನ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿದ್ದನ್ನು ನಾನು ನೋಡಿದೆ. ಮರುಕ್ಷಣವೇ ಹುಬ್ಬು ಗಂಟಾಯಿತು. ಗಡಿಯಾರದ ಟಿಕ್ಕಿನಲ್ಲಿ ರೋಗ ಹಿಡಿಯುವ ಕಿವಿ ಅವನದು. ಬಗ್ಗಿ ಬಾಗಿಲಿನ ಜಾಲರಿಗೆ ಕಿವಿ ಹಚ್ಚಿದ.

"ಎಂಜಿನ್ ಶಬ್ದ ಸ್ಪೀಕರ್‌ನಿಂದ ಬರ್ತಾ ಇದೆ," ಎಂದ.

"ಒಳಗೆ ಕೂತೋರಿಗೆ ಚೆನ್ನಾಗಿ ಕೇಳಿಸ್ಲಿ ಅಂತ ಸಾರ್," ಎಂದಳು ಆಕೆ.

ಅಣ್ಣ ಇಳಿದ. ಯಾರ ಕೈಯೂ ಬೇಕಾಗಲಿಲ್ಲ, ಅಷ್ಟು ಸಲೀಸಾಗಿ ಇಳಿದ. ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿದಂತೆ ಕಂಡಿತು. ಉಳಿದ ಎಂಟು ಜನ ಒಬ್ಬೊಬ್ಬರಾಗಿ ಕೂತರು, ಇಳಿದರು, ಛೀ ಥೂ ಎಂದರು, ಮತ್ತೆ ಇನ್ನೊಂದು ಸಲ ಕೂತರು.

ಮುಂದಿನ ಭಾನುವಾರ ಬಯಲಿನಲ್ಲಿ ಸಂತಾಪ ಸಭೆ. ತಮಾಷೆಯಲ್ಲ, ನಿಜವಾಗಿಯೂ. ಆಂಟೆನಾಗಳಿಗೆ ಕಪ್ಪು ಪಟ್ಟಿ ಕಟ್ಟಿದರು. ಎಂಜಿನ್ ನಿಲ್ಲಿಸಿ ಎರಡು ನಿಮಿಷ ಮೌನ. ಮೌನ ಮುಗಿದ ಮೇಲೆ ಒಂಬತ್ತರಲ್ಲಿ ನಾಲ್ಕು ಕಾರು ಮತ್ತೆ ಶುರುವಾಗಲಿಲ್ಲ, ತಳ್ಳಿದ್ದು ನಾನು. ಹೊಸ ಮಾದರಿಯ ಕಾರಿಗೂ ಅದನ್ನು ಕೊಂಡವನಿಗೂ ಬಳಗದಲ್ಲಿ ಜಾಗವಿಲ್ಲ ಎಂದು ನಿರ್ಣಯವಾಯಿತು. ಬಳಗಕ್ಕೆ ಇಪ್ಪತ್ತೈದು ವರ್ಷ ತುಂಬಲು ಎಂಟು ತಿಂಗಳಿತ್ತು. ಅಲ್ಲಿಯವರೆಗೆ ಸೇರುವುದು ಬೇಡ, ಪ್ರತಿಯೊಬ್ಬರೂ ತಮ್ಮ ಕಾರನ್ನು ಕಾರ್ಖಾನೆಯಿಂದ ಬಂದ ದಿನ ಇದ್ದಂತೆ ಮಾಡಿಕೊಂಡು ಆ ದಿನವೇ ತರಬೇಕು, ಶುದ್ಧತಾ ಸಮಿತಿ ಪರೀಕ್ಷೆ ಮಾಡುತ್ತದೆ ಎಂದು ಅಣ್ಣ ಸಾರಿದ. ಸಮಿತಿಗೆ ಹಲ್ಲಿನ ಡಾಕ್ಟರೇ ಮುಖ್ಯಸ್ಥರು.

ಆ ಸಭೆಯಾದ ಒಂಬತ್ತನೇ ದಿನ, ಸೋಮವಾರ, ನನ್ನ ಅಂಗಡಿಗೆ ರಜೆ. ಅರ್ಧ ಶಟರ್ ಇಳಿಸಿ ಪತ್ರಿಕೆ ಓದುತ್ತಾ ಕೂತಿದ್ದೆ. ಶಟರಿನ ಕೆಳಗೆ ಎರಡು ಪಾಲಿಶ್ ಮಾಡಿದ ಬೂಟು ಕಂಡವು. ಆಮೇಲೆ ಬಗ್ಗಿದ ತಲೆ. ಹಲ್ಲಿನ ಡಾಕ್ಟರು!

"ನೋಡಪ್ಪ, ಇದು ನಿನ್ನ ನನ್ನ ಮಧ್ಯೆ ಇರಲಿ," ಎಂದರು. ಹೊರಗೆ ಹೊಚ್ಚ ಹೊಸ ಮಾದರಿ ನಿಂತಿತ್ತು. "ಸೊಂಟ ಕೇಳ್ತಿಲ್ಲ ಕಣಪ್ಪ. ಹಳೇದರಲ್ಲಿ ಕೂತು ಎದ್ದು ಮಾಡಿದ್ರೆ ಮೂರು ದಿನ ಪೇಶಂಟ್ ಬಾಯಿ ಮೇಲೆ ಬಗ್ಗೋಕಾಗಲ್ಲ. ಹಳೇದನ್ನ ಶೋರೂಮಿನವ್ರೇ ತಗೊಂಡ್ರು. ಆದ್ರೆ ಇದರ ಮುಖ ನೋಡು, ಇದನ್ನ ನಮ್ಮೋರ ಮುಂದೆ ನಿಲ್ಸೋದು ಹೇಗೆ? ನೀನು ಇದಕ್ಕೆ ಹಳೇ ಮೈ ತೊಡಿಸ್ಬೇಕು."

"ಡಾಕ್ಟ್ರೇ, ನಿರ್ಣಯಕ್ಕೆ ಮೊದಲು ಕೈ ಎತ್ತಿದವರೇ ನೀವು."

"ಕೈ ಎತ್ತಿದ್ದು ನಾನು. ನೋಯ್ತಿರೋದು ಸೊಂಟ."

ಶಟರ್ ಪೂರ್ತಿ ಎತ್ತಿ ಕಾರನ್ನು ಒಳಗೆ ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಕೆಲಸ ನನಗೆ ರುಚಿಸಿತು. ಕಂಪನಿಯವರು ಹೊಸತು ಹೊಸತು ಎಂದು ಎಷ್ಟೇ ಕೂಗಿದ್ದರೂ ಅಡಿಯ ಚೌಕಟ್ಟು ಹಳೆಯದೇ, ಚಕ್ರದಿಂದ ಚಕ್ರಕ್ಕೆ ಅಳತೆಯಲ್ಲಿ ಬೆರಳಿನಷ್ಟೂ ವ್ಯತ್ಯಾಸವಿಲ್ಲ. ಅಣ್ಣನ ಕಾರು ಆಗಷ್ಟೇ ಮೇಣ ಹಚ್ಚಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿತ್ತು. ಅವನಿಗೆ ಹೇಳದೆ ಅದರ ಮೈಯಿಂದ ಅಚ್ಚು ತೆಗೆದೆ. ಆ ಅಚ್ಚಿನಲ್ಲಿ ಫೈಬರಿನ ಮೈ ಎರಕ ಹೊಯ್ದು, ಹೊಸ ಕಾರಿನ ಮೇಲೆ ಕೂರಿಸಿ, ಡಾಕ್ಟರ ಹಳೆಯ ಕಾರಿನದೇ ಬಿಳಿ ಬಣ್ಣ ಹೊಡೆದೆ. ಹಿಂದೆ ನಾಲ್ಕು ದುಂಡು ದೀಪ. ನನ್ನ ಕೆಲಸಕ್ಕೆ ನಾನೇ ಮರುಳಾಗಿ ಒಂದು ಗಂಟೆ ಸ್ಟೂಲ್ ಹಾಕಿಕೊಂಡು ನೋಡುತ್ತಾ ಕೂತೆ.

ಡಾಕ್ಟರು ಬಂದು ಸುತ್ತು ಹಾಕಿದರು. ಎಡಗಡೆ ನಿಂತರು. "ಇದೇನಪ್ಪ ನೆಗ್ಗು?"

ಅಚ್ಚಿನಲ್ಲಿ ಅಣ್ಣನ ಕಾರಿನ ನೆಗ್ಗೂ ಬಂದುಬಿಟ್ಟಿತ್ತು. ಎರಕಕ್ಕೆ ಮೊದಲು ಅಚ್ಚನ್ನು ಉಜ್ಜಿದವನು ನಾನೇ, ಕೈ ಅದರ ಮೇಲೆ ಹತ್ತು ಸಲ ಓಡಾಡಿದೆ. ಮೂವತ್ತೆರಡು ವರ್ಷ ನೋಡಿ ನೋಡಿ ನನ್ನ ಕೈಗೆ ಅದು ನೆಗ್ಗು ಎನ್ನಿಸಲೇ ಇಲ್ಲ, ಅದಿದ್ದರೇ ಕಾರು ಸರಿ ಎನ್ನಿಸಿದೆ. ಈಗ ನಿಜ ಹೇಳಿದರೆ ಅಣ್ಣನ ಕಾರಿನ ಅಚ್ಚು ಕದ್ದದ್ದೂ ಹೇಳಬೇಕು, ಆ ನೆಗ್ಗು ಯಾರದ್ದೆಂದೂ ಹೇಳಬೇಕು. ಹಳೆಯ ವಿದ್ಯೆ ಕೈಹಿಡಿಯಿತು.

"ಅದು ನೆಗ್ಗಲ್ಲ ಡಾಕ್ಟ್ರೇ. ಕಾರ್ಖಾನೆಯಿಂದಲೇ ಹಾಗೆ. ಗಾಳಿ ಜಾರಿ ಹೋಗ್ಲಿ ಅಂತ ಮಾಡಿದ ಗುಳಿ. ನಿಮ್ಮ ಹಳೇ ಕಾರಿನದ್ದನ್ನ ನಿಮಗಿಂತ ಮೊದಲಿದ್ದೋನು ಯಾರೋ ಪುಟ್ಟಿ ತುಂಬಿ ಮುಚ್ಚಿದ್ದ. ಬಹಳ ಕಡಿಮೆ ಜನಕ್ಕೆ ಗೊತ್ತು ಇದು."

ಬಹಳ ಕಡಿಮೆ ಜನಕ್ಕೆ ಗೊತ್ತು! ಕಾರಿನ ಹುಚ್ಚಿನವನಿಗೆ ಇಷ್ಟು ಹೇಳಿದರೆ ಸಾಕು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಾನೆ. ಡಾಕ್ಟರ ಕಣ್ಣು ಅರಳಿತು. "ನಾನು ಎಲ್ಲೋ ಓದಿದ್ದೆ ಇದನ್ನ," ಎಂದರು.

ಮುಂದಿನ ಸೋಮವಾರ ಶಟರಿನ ಕೆಳಗೆ ವಕೀಲರ ಬೂಟು. "ಇದು ನಿನ್ನ ನನ್ನ ಮಧ್ಯೆ ಇರಲಿ." ಈ ಮಾರ್ಪಾಡಿಗೆಲ್ಲ ಸರ್ಕಾರದ ಅನುಮತಿ ಬೇಡವೇ ಎಂದು ಕೇಳಿದೆ. "ಕೇಳಿದ್ರೆ ಬೇಕು, ಕೇಳದಿದ್ರೆ ಬೇಡ," ಎಂದರು. ಹೀಗೆ ಎಂಟು ತಿಂಗಳಲ್ಲಿ ಎಂಟು ಜೋಡಿ ಬೂಟು. ಪ್ರತಿಯೊಬ್ಬರಿಗೂ ತಾನೊಬ್ಬನೇ ಪಾಪಿ, ಉಳಿದವರೆಲ್ಲ ಶುದ್ಧ ಎಂಬ ನಂಬಿಕೆ. ಬಾಯಿ ಬಿಡುವುದಿಲ್ಲ ಎಂದು ನಾನು ಎಂಟು ಜನರಿಗೂ ಆಣೆ ಮಾಡಿಕೊಟ್ಟೆ, ಎಂಟು ಜನರಿಗೂ ಅದೇ ಗಾಳಿಯ ಗುಳಿಯ ಕಥೆ ಹೇಳಿದೆ. ಎಂಟನೆಯವರಿಗೆ ಹೇಳುವ ಹೊತ್ತಿಗೆ ನನಗೇ ಅರ್ಧ ನಂಬಿಕೆ ಬಂದಿತ್ತು.

ಒಂಬತ್ತನೆಯವನು ಬರಲಿಲ್ಲ. ಅಣ್ಣ ತನ್ನ ಹಳೆಯ ಕಾರನ್ನೇ ತಾನೇ ಬಿಚ್ಚಿ, ಒಂದೊಂದು ಬೋಲ್ಟನ್ನೂ ಗಡಿಯಾರದ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದ. ಪರೀಕ್ಷೆಗೆ ವಾರವಿದ್ದಾಗ, ಅವನು ಈಗಲೂ ಇರುವ ನಮ್ಮ ಹಳೆಯ ಮನೆಗೆ ಹೋಗಿ, "ಈ ಸಲ ಕೇಳಲ್ಲ ಅಣ್ಣ, ಆ ನೆಗ್ಗು ತೆಗೀತೀನಿ. ನಿನ್ನ ಕಾರಿಗೆ ಒಂದು ಕಳಂಕ ಇರಬಾರದು," ಎಂದೆ.

"ಇರಲಿ ಬಿಡೋ."

"ತೆಗೀಲಿ ಬಿಡ್ರೀ, ಅಷ್ಟು ಆಸೆಯಿಂದ ಬಂದಿದ್ದಾನೆ," ಎಂದರು ಅತ್ತಿಗೆ.

ಅಣ್ಣ ನನ್ನ ಮುಖವನ್ನೇ ನೋಡಿದ. ಏನನ್ನೋ ಕಾಯುವವನ ಹಾಗೆ. "ಮತ್ತೇನಾದ್ರೂ ಹೇಳೋದಿದೆಯಾ?" ಎಂದ.

"ಏನಿಲ್ಲ. ಎರಡು ಗಂಟೆ ಕೆಲಸ," ಎಂದೆ.

ಒಳಗಿನಿಂದ ಸಲಾಕೆ ಒತ್ತಿ, ಹೊರಗಿನಿಂದ ಮೆತ್ತಗೆ ತಟ್ಟಿ, ತಗಡನ್ನು ನೀರಿನಷ್ಟು ಸಮ ಮಾಡಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಅಣ್ಣ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ಚೆನ್ನಾಗಿದೆ," ಎಂದವನು ಕಾಫಿಯನ್ನು ಹಾಗೇ ಬಿಟ್ಟು ಒಳಗೆ ಹೋದ. ಋಣ ತೀರಿತು ಎಂದುಕೊಂಡು ನಾನು ಶಿಳ್ಳೆ ಹಾಕುತ್ತಾ ಮನೆಗೆ ಬಂದೆ. ಆ ಎಂಟು ಕಾರುಗಳ ನೆನಪು ನನಗೆ ಬರಲೇ ಇಲ್ಲ ನೋಡಿ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಪರೀಕ್ಷೆಯ ದಿನ ಎಂಟು ಕಾರು ಮೊದಲೇ ಬಂದು ನಿಂತಿದ್ದವು. ಎಂಟರಲ್ಲೂ ಎಡ ಫೆಂಡರಿನಲ್ಲಿ ಅಂಗೈಯಗಲದ ಅದೇ ನೆಗ್ಗು. ಯಜಮಾನರೆಲ್ಲ ಒಬ್ಬರ ಕಾರಿನ ನೆಗ್ಗನ್ನು ಇನ್ನೊಬ್ಬರು ನೋಡಿ, ಎದೆಯ ಮೇಲಿನ ಕಲ್ಲು ಇಳಿಸಿದವರಂತೆ ನಗುತ್ತಿದ್ದರು. ಬಾನೆಟ್ ತೆರೆಯುವುದು ಕಾರಿಗೆ ಅಗೌರವ, ಇಂದು ಬೇಡ ಎಂದು ವಕೀಲರು ಸೂಚಿಸಿದರು. ಏಳು ಜನ ಒಟ್ಟಿಗೆ ಅನುಮೋದಿಸಿದರು. ಕುಂಬಳಕಾಯಿ ಕಳ್ಳ ಎಂದು ಕೂಗಿದ್ದರೆ ಅಲ್ಲಿ ಎಂಟು ಹೆಗಲು ಮುಟ್ಟಿಕೊಳ್ಳುತ್ತಿದ್ದವು. ಆಗ ಅಣ್ಣನ ನೀಲಿ ಕಾರು ಕೆಮ್ಮುತ್ತಾ, ಹೊಗೆಯುಗುಳುತ್ತಾ ಬಂದು ಸಾಲಿನ ಕೊನೆಗೆ ನಿಂತಿತು. ಆಗಷ್ಟೇ ನನಗೆ ಹೊಳೆಯಿತು, ನೆಗ್ಗಿಲ್ಲದ್ದು ಅದೊಂದೇ.

ಡಾಕ್ಟರು ಹಲ್ಲಿನ ಹಿಂಬದಿ ನೋಡುವ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಕಾರಿನ ಸಂದುಗಳಿಗೆ ಇಣುಕುತ್ತಾ ಬಂದರು. ಎಂಟಕ್ಕೂ ಪೂರ್ಣ ಅಂಕ. ಅಣ್ಣನ ಕಾರಿನ ಎಡಕ್ಕೆ ಬಂದು ನಿಂತರು. ಸವರಿದರು. ಮತ್ತೆ ಸವರಿದರು.

"ಗಾಳಿಯ ಗುಳಿ ಎಲ್ಲಿ?"

"ಏನು ಗುಳಿ?" ಎಂದ ಅಣ್ಣ.

ಎಂಟು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಳಿಯ ವಿಷಯವೇ ತಿಳಿಯದವನು ಬಳಗ ಕಟ್ಟಿದ್ದಾನೆ! ವಕೀಲರು ಕನ್ನಡಕ ಸರಿಪಡಿಸಿಕೊಂಡರು. "ಎಂಟರಲ್ಲಿ ಇರೋದು ಒಂದರಲ್ಲಿ ಇಲ್ಲ ಅಂದ್ರೆ ಆ ಒಂದು ಅಸಲಿ ಅಲ್ಲ. ಹೇಳೋಕೆ ಸಂಕಟ ಆಗುತ್ತೆ, ಆದ್ರೆ ನಿಯಮ ನಿಮ್ಮದೇ. ನಕಲಿ ಕಾರಿಗೆ ಬಳಗದಲ್ಲಿ ಜಾಗ ಇಲ್ಲ."

ಅಣ್ಣ ಎಂಟೂ ಕಾರುಗಳನ್ನು ಒಂದು ಸಲ ನೋಡಿದ. ಎಂಟೂ ನೆಗ್ಗುಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಇಪ್ಪತ್ತೈದು ವರ್ಷ ಅವನ ಭಾನುವಾರಗಳೆಲ್ಲ ಈ ಬಯಲಿನಲ್ಲಿದ್ದವು. ಅದನ್ನು ಕಿತ್ತುಕೊಂಡದ್ದು ನನ್ನ ಸುತ್ತಿಗೆ. ಈ ಸಲ ನಾಲಿಗೆ ಹೊರಳಿತು.

"ಅದು ಗುಳಿಯಲ್ಲ!" ಎಂದು ಕಿರುಚಿದೆ. "ನೆಗ್ಗು! ಮೂವತ್ತೆರಡು ವರ್ಷದ ಹಿಂದೆ ಅಣ್ಣನ ಕಾರು ಕದ್ದು ಓಡಿಸಿ ಗೇಟಿಗೆ ಗುದ್ದಿದ್ದು ನಾನು. ಹೋದ ವಾರ ತೆಗೆದಿದ್ದೂ ನಾನು. ಅಣ್ಣ, ತಪ್ಪಾಯ್ತು. ನಿಂಗೆ ಹೇಳ್ಬೇಕಿತ್ತು, ಹೇಳಲಿಲ್ಲ."

ಮೊದಲು ಚೇತರಿಸಿಕೊಂಡವರು ವಕೀಲರು. "ಒಂದು ಕಾರು ಗೇಟಿಗೆ ಗುದ್ದಿದ್ರೆ ಎಂಟು ಕಾರಲ್ಲಿ ನೆಗ್ಗು ಬೀಳೋದು ಹೇಗಪ್ಪ?"

ಉತ್ತರ ನನ್ನ ಬಾಯಲ್ಲೇ ಇತ್ತು. ಎಂಟು ಜೊತೆ ಕಣ್ಣುಗಳು ನನ್ನನ್ನು ಬೇಡುತ್ತಿದ್ದವು, ನನ್ನದೊಂದು ಹೇಳಬೇಡ, ನನ್ನದೊಂದು ಹೇಳಬೇಡ ಎಂದು. ಆಣೆ ಹಾಳಾಗಿ ಹೋಗಲಿ ಎಂದು ಬಾಯಿ ತೆರೆದೆ. ಅಣ್ಣ ನನ್ನ ಭುಜ ಹಿಡಿದು, "ಸಾಕು ಬಾರೋ," ಎಂದ. ಡಾಕ್ಟರು ಮತಕ್ಕೆ ಹಾಕಿದರು. ನೆಗ್ಗು ಕಾರ್ಖಾನೆಯದೇ ಎಂದು ಎಂಟು ಮತಗಳಿಂದ ತೀರ್ಮಾನವಾಯಿತು. ಅಣ್ಣನ ಕಾರು ಶುರುವಾಗಲಿಲ್ಲ. ಎಲ್ಲರೂ ಸೇರಿ ತಳ್ಳಿದೆವು. "ಅಸಲಿ ಆಗಿದ್ರೆ ಹೀಗೆ ನಿಲ್ತಿರಲಿಲ್ಲ," ಎಂದು ನನ್ನ ಪಕ್ಕದಲ್ಲಿ ತಳ್ಳುತ್ತಿದ್ದವರು ಮರುಗಿದರು.

ಕಾರು ಕೆಮ್ಮಿ ಕೊನೆಗೂ ಶುರುವಾಯಿತು, ನಾನು ಓಡಿ ಹತ್ತಿಕೊಂಡೆ. ದಾರಿಯಲ್ಲಿ ಅಣ್ಣ, "ಎಂಟೂ ಸ್ಪೀಕರ್ ಕಣೋ," ಎಂದ. "ನಾನು ಬಂದಾಗ ಜಾಗ ಬಿಡೋಕೆ ಕಾರು ಸರಿಸಿದ್ರಲ್ಲ, ಶಬ್ದ ಕೇಳ್ದೆ. ಮೈ ಯಾರು ಮಾಡಿದ್ದು ಅಂತ ಕೇಳಲ್ಲ. ಆ ನೆಗ್ಗೇ ಹೇಳ್ತಿತ್ತು."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ಸೊಂಟ ನೋವು ಅಂತ ಒಪ್ಕೊಳೋಕೆ ನಾಚಿಕೆ ಅವರಿಗೆ. ಹೊಸದನ್ನ ಕೊಂಡು, ಹಳೇದನ್ನ ಬಿಡೋಕಾಗದೆ, ಅದರ ಚರ್ಮ ಹೊದಿಸ್ಕೊಂಡು ಬಂದಿದ್ದಾರೆ. ಅಂಥೋರನ್ನ ಬೈಯೋದು ಹೇಗೆ?" ಗೇರು ಬದಲಿಸಿದ. "ನೀನು ಓಡಿಸಿದೀಯಲ್ಲ, ನಿಜ ಹೇಳು. ಹೇಗಿದೆ ಹೊಸದು?"

"ಚೆನ್ನಾಗಿದೆ ಅಣ್ಣ. ಬಹಳ ಚೆನ್ನಾಗಿದೆ. ಹಿಂದಿನ ದೀಪ ಮಾತ್ರ ಅಸಹ್ಯ."

"ಕೂತ ಕೂಡಲೇ ಗೊತ್ತಾಯ್ತು ನಂಗೆ. ಅದಕ್ಕೇ ಸಿಟ್ಟು ಬಂದಿದ್ದು. ಕೆಟ್ಟದಾಗಿದ್ದಿದ್ರೆ ಎಷ್ಟು ಸುಲಭ ಇತ್ತು."

ಮನೆಯ ಗೇಟು ಕಂಡಿತು. ಅಣ್ಣ ಕಾರು ನಿಲ್ಲಿಸಿ, ಮುಂದೆ ನೋಡುತ್ತಲೇ ಹೇಳಿದ. "ಅವತ್ತು ಆ ಕಂಬಕ್ಕೆ ನೀಲಿ ಬಣ್ಣ ಮೆತ್ತಿತ್ತು. ಅಪ್ಪ ನೋಡೋಕೆ ಮೊದಲು ನಾನೇ ಕೆರೆದು ತೆಗೆದೆ. ಕಾರಿಗೇನಾಯ್ತು ಅಂತ ಅಪ್ಪ ಕೇಳಿದ್ರು. ಗೇಟಿನದ್ದೇ ತಪ್ಪು, ಓರೆ ಇದೆ ಅಂದೆ."

ಮೂವತ್ತೆರಡು ವರ್ಷ ಗೊತ್ತಿತ್ತು ಅವನಿಗೆ!

"ನೀನಾಗೇ ಬಂದು ಹೇಳಿದ ದಿನ ತೆಗೆಸೋಣ ಅಂತ ಇಟ್ಕೊಂಡಿದ್ದೆ ಕಣೋ ಅದನ್ನ. ನೀನು ಹೇಳದೇನೇ ತೆಗೆದುಬಿಟ್ಟೆ. ಅವತ್ತು ಮಾತ್ರ ಬೇಜಾರಾಯ್ತು."

ಐವತ್ತೆರಡು ವರ್ಷದ ನಾನು ಆ ಸಣ್ಣ ಸೀಟಿನಲ್ಲಿ ಮುದುಡಿ ಕೂತು ಅತ್ತುಬಿಟ್ಟೆ. ಅಣ್ಣ ಡ್ಯಾಶ್‌ಬೋರ್ಡು ಒರೆಸುವ ಬಟ್ಟೆಯನ್ನೇ ಕೊಟ್ಟ, ಮೇಣ ಮೆತ್ತಿದ್ದು. ಆಮೇಲೆ ಇಳಿದು ಈ ಬದಿಗೆ ಬಂದ. "ಸರಿ, ಆ ಕಡೆ ಹೋಗು. ಆ ನೆಗ್ಗನ್ನ ಇದ್ದಲ್ಲೇ ಹಾಕಿಕೊಡು. ಭಾನುವಾರ ನಾನೆಲ್ಲಿಗೆ ಹೋಗ್ಲಿ ಮತ್ತೆ? ಸುತ್ತಿಗೆ ಬೇಡ, ಡಾಕ್ಟ್ರು ಕನ್ನಡಿ ಇಟ್ಟು ಹಿಡೀತಾರೆ. ಗೇಟಿಗೇ ಗುದ್ದು. ಈ ಸಲ ನಾನು ಪಕ್ಕದಲ್ಲಿರ್ತೀನಿ."

ಸ್ಟೀರಿಂಗ್ ಹಿಡಿದೆ. ಗುದ್ದಲು ಹೋದರೆ ಗುರಿಯೇ ಸಿಗಲೊಲ್ಲದು. ಮೂರು ಸಲ ಗೇಟಿನೊಳಗೆ ಕೂದಲೂ ತಾಗದಂತೆ ನುಗ್ಗಿದೆ. "ಕಲಿಸಿದಾಗ ಹೀಗೆ ಓಡಿಸಿದ್ರೆ ಆಗ್ತಿತ್ತು," ಎಂದು ಅಣ್ಣ ಗೊಣಗಿದ. "ಕ್ಲಚ್ ಥಟ್ಟನೆ ಬಿಡು. ಎಡಗಡೆ ನೋಡಬೇಡ." ನಾಲ್ಕನೇ ಸಲ ಧಡ್ ಎಂದಿತು. ಅತ್ತಿಗೆ ಹೊರಗೆ ಓಡಿಬಂದಾಗ ನಾವಿಬ್ಬರೂ ಮಂಡಿಯೂರಿ ಕೂತು ನೆಗ್ಗನ್ನು ಮೆಚ್ಚುತ್ತಿದ್ದೆವು. ಅವರು ಏನೂ ಕೇಳದೆ ಒಳಗೆ ಹೋದರು.

ಮುಂದಿನ ಭಾನುವಾರ ಅಣ್ಣನ ಕಾರನ್ನು ಮತ್ತೆ ಪರೀಕ್ಷಿಸಲಾಯಿತು. ಡಾಕ್ಟರು ಬಹಳ ಹೊತ್ತು ನೋಡಿದರು. ಹೊಸ ನೆಗ್ಗಿಗೆ ಅಂಚು ಚೂಪು, ಬಣ್ಣ ಹಾರಿ ಉಕ್ಕು ಹೊಳೆಯುತ್ತಿತ್ತು. ಅದರ ಮುಂದೆ ಉಳಿದ ಎಂಟರ ನೆಗ್ಗುಗಳು ಸವೆದ ಸೋಪಿನ ಹಾಗೆ ಕಂಡವು. "ಇದೇ ಶುದ್ಧ ಗುಳಿ," ಎಂದರು ಗದ್ಗದರಾಗಿ. ಅಣ್ಣನನ್ನು ಮತ್ತೆ ಸೇರಿಸಿಕೊಂಡರು. ಮರುದಿನ ಸೋಮವಾರ ಶಟರಿನ ಕೆಳಗೆ ಎಂಟು ಜೋಡಿ ಬೂಟು ಒಂದರ ಹಿಂದೊಂದು, ಗಂಟೆಗೊಂದರಂತೆ. ನಮ್ಮದು ಮಬ್ಬಾಗಿದೆ, ನಮಗೂ ಚೂಪಾದದ್ದು ಬೇಕು.

"ಇದು ಸುತ್ತಿಗೆಯಲ್ಲಿ ಆಗೋ ಕೆಲಸ ಅಲ್ಲ ಸಾರ್," ಎಂದೆ ನಾನು ಎಂಟು ಸಲ. "ಅಣ್ಣನ ಮನೆ ಗೇಟಿಗೇ ಹೋಗ್ಬೇಕು."

ಹೀಗೆ ಅದರ ಮುಂದಿನ ಭಾನುವಾರ ಬಳಗ ಬಯಲಿನಲ್ಲಿ ಸೇರಲಿಲ್ಲ, ಅಣ್ಣನ ಮನೆಯ ಮುಂದೆ ಸೇರಿತು. ಅಣ್ಣ ಕಂಬದ ಪಕ್ಕ ನಿಂತು ಕೈ ಬೀಸಿದ. ಮೊದಲು ಡಾಕ್ಟರು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕಾರನ್ನು ನೇರ ಕಂಬಕ್ಕೆ ಬಿಟ್ಟರು. ಕಂಬಕ್ಕೆ ಇನ್ನೊಂದು ಗೇಣಿದೆ ಎನ್ನುವಾಗ ಕಾರಿನೊಳಗೆ ಪೀಂ ಪೀಂ ಎಂದಿತು, ಕಾರು ತಾನಾಗಿ ಗಕ್ಕನೆ ನಿಂತಿತು. ಹೊಸ ಮಾದರಿಗೆ ಅಡ್ಡ ಏನಾದರೂ ಕಂಡರೆ ತಾನೇ ಬ್ರೇಕು ಹಾಕಿಕೊಳ್ಳುವ ಬುದ್ಧಿಯಿದೆ. ಅದನ್ನು ಮರೆತವರು ಅವರು, ಅದಕ್ಕೆ ಮೈ ತೊಡಿಸಿಯೂ ಮರೆತವನು ನಾನು. ಡಾಕ್ಟರು ಹಿಂದೆ ಹೋಗಿ ಮತ್ತೆ ಬಿಟ್ಟರು. ಪೀಂ ಪೀಂ. ಗಕ್ಕ್.

ಆಮೇಲೆ ವಕೀಲರು. ಪೀಂ ಪೀಂ. ಮೂರನೆಯವರು. ನಾಲ್ಕನೆಯವರು. ಎಂಟೂ ಕಾರುಗಳು, ಒಂದರ ನಂತರ ಒಂದು, ಕಂಬಕ್ಕೆ ಒಂದು ಗೇಣು ದೂರದಲ್ಲಿ ಶಿಸ್ತಾಗಿ ನಿಂತು ಕೂಗಿಕೊಂಡವು. ಇಪ್ಪತ್ತು ಮೂವತ್ತು ವರ್ಷದ ಹಳೆಯ ಕಾರು ಹಾಗೆ ಕೂಗಿಕೊಳ್ಳುವುದಿಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಮೊದಲ ಬಾರಿಗೆ ಅವರು ಒಬ್ಬರನ್ನೊಬ್ಬರು ನಿಜವಾಗಿ ನೋಡಿದರು. ಡಾಕ್ಟರ ಕಿವಿ ಕೆಂಪಾಯಿತು. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಯಾರೂ ಕಾರಿನಿಂದ ಇಳಿಯಲಿಲ್ಲ. ನಾನು ನೆಲ ನೋಡುತ್ತಾ ನಿಂತೆ.

ಅಣ್ಣ ಎಂಟು ಮುಖಗಳನ್ನೂ ನೋಡಿದ. ಬಗ್ಗಿ ಕಂಬವನ್ನು ಮೇಲಿನಿಂದ ಕೆಳಗೆ ಸವರಿದ. ಎರಡು ವಾರದ ಹಿಂದೆ ಮೆತ್ತಿದ್ದ ನೀಲಿ ಬಣ್ಣವನ್ನು ಉಗುರಿನಿಂದ ಕೆರೆದು ಉದುರಿಸಿದ. ಆಮೇಲೆ ಗೇಟನ್ನು ಅಗಲಕ್ಕೆ ತೆರೆದ.

"ಒಳಗೆ ಬನ್ನಿ, ಕಾಫಿ ಆಗಿದೆ," ಎಂದ. "ಗೇಟಿನದ್ದೇ ತಪ್ಪು. ಓರೆ ಇದೆ."